ನಾಲ್ಕು ನಿಮಿಷದ ತಕರಾರು

ನಮ್ಮ ಭಾವನವರು ರೈಲ್ವೆಯಲ್ಲಿ ಗಾರ್ಡಾಗಿದ್ದರು. ಗಾರ್ಡೆಂದರೆ ಒಂದು ಹಸಿರು ಬಾವುಟ, ಒಂದು ಕೆಂಪು ಬಾವುಟ, ಒಂದು ಸೀಟಿ, ಕೂಲಿಯವನ ತಲೆಯ ಮೇಲೆ ಬರುವ ಒಂದು ಪೆಟ್ಟಿಗೆ, ಇಷ್ಟೇ ಎಂದು ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಇವೆಲ್ಲಕ್ಕಿಂತ ದೊಡ್ಡ ಆಯುಧ ಅವರ ಮಣಿಕಟ್ಟಿನ ಮೇಲಿತ್ತೆಂಬುದು ಅಕ್ಕನ ಮದುವೆಯಾದ ಮೇಲೆ ತಿಳಿಯಿತು. ರೈಲ್ವೆಯ ನಿಯಮ ಹೀಗಂತೆ: ದಿನವೂ ಸಂಜೆ 4 ಗಂಟೆಗೆ ಮುಖ್ಯ ನಿಲ್ದಾಣಗಳಿಗೆಲ್ಲ ಪ್ರಮಾಣಸಮಯವನ್ನು ತಿಳಿಸಬೇಕು. ಗಾಡಿ ಹೊರಡುವ ಮುನ್ನ ಗಾರ್ಡು ತನ್ನ ಗಡಿಯಾರವನ್ನು ನಿಲ್ದಾಣದ ಗಡಿಯಾರಕ್ಕೆ ಸರಿಮಾಡಿಕೊಂಡು ಆ ವೇಳೆಯನ್ನು ಡ್ರೈವರಿಗೆ ಹೇಳಬೇಕು. ಡ್ರೈವರು ತನ್ನ ಗಡಿಯಾರವನ್ನು ಗಾರ್ಡಿನದಕ್ಕೆ ಹೊಂದಿಸಿಕೊಳ್ಳಬೇಕು. ಇಷ್ಟಾದ ಮೇಲೆ ಗಾಡಿ ಚಲಿಸಬೇಕು. 34 ವರ್ಷ ಈ ಕರ್ಮವನ್ನು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಮಾಡಿದವರು ಅವರು. ನಿವೃತ್ತರಾದ ಮೇಲೆ ಡ್ರೈವರಿಲ್ಲದ ಕಾರಣ ಅಕ್ಕನಿಗೆ ವೇಳೆ ಹೇಳುತ್ತಿದ್ದರು. ಆಕಾಶವಾಣಿಯ ವಾರ್ತೆಗೆ ಮುಂಚೆ ‘ಪಿಪ್ ಪಿಪ್’ ಎಂಬ ಸದ್ದು ಬರುವ ಹೊತ್ತಿಗೆ ಅವರು ಗೋಡೆಯ ಗಡಿಯಾರದ ಕೆಳಗೆ ಸ್ಟೂಲು ಹಾಕಿಕೊಂಡು ನಿಂತಿರುತ್ತಿದ್ದರು. (2022ರಿಂದ ಗಾರ್ಡುಗಳಿಗೆ ‘ಟ್ರೇನ್ ಮ್ಯಾನೇಜರ್’ ಎಂಬ ಹೊಸ ಹೆಸರು ಬಂದಿದೆ. ಅದನ್ನು ಕೇಳಲು ಭಾವನವರು ಉಳಿಯಲಿಲ್ಲ. ಕೇಳಿದ್ದರೆ ಮೆಚ್ಚುತ್ತಿದ್ದರೆಂದೂ ತೋರುವುದಿಲ್ಲ.)

ಇಂಥ ಮನುಷ್ಯನ ಮೇಲೆ, ತನ್ನ ಮಗಳ ಮದುವೆಯಲ್ಲೇ ಮುಹೂರ್ತ ಮೀರಿಸಿದರೆಂಬ ಅಪವಾದ ಬಂದಿತು.

ನಡೆದದ್ದು ಹೀಗೆ. 2019ರ ಮಾಘಮಾಸದಲ್ಲಿ ಮೈಸೂರಿನ ಒಂದು ಛತ್ರದಲ್ಲಿ ಅಕ್ಕನ ಒಬ್ಬಳೇ ಮಗಳ ಮದುವೆ. ಲಗ್ನ ಕಳೆಯುವುದು 10 ಗಂಟೆ 42 ನಿಮಿಷಕ್ಕೆಂದು ಪುರೋಹಿತರು ಮೊದಲೇ ಎಚ್ಚರಿಸಿದ್ದರು. ಸೋದರಮಾವನಾದ ನಾನು ಹುಡುಗಿಯನ್ನು ಮಂಟಪಕ್ಕೆ ಕರೆತಂದು, ಅಂತರಪಟದ ಒಂದು ತುದಿ ಹಿಡಿದು ನಿಂತೆ. ಇನ್ನೊಂದು ತುದಿ ವರನ ಚಿಕ್ಕಪ್ಪನ ಕೈಯಲ್ಲಿತ್ತು. ಮಂಗಳಾಷ್ಟಕ ನಿಧಾನವಾಗಿ ಸಾಗುತ್ತಿತ್ತು. ಒಬ್ಬೊಬ್ಬರೇ ಹಿರಿಯರು ತಮಗೆ ಬಂದ ಶ್ಲೋಕವನ್ನು ತಮಗೆ ಬಂದ ರಾಗದಲ್ಲಿ ಹೇಳುತ್ತಿದ್ದರು. ಅಷ್ಟರಲ್ಲಿ ಬೀಗರು ಬಲಗೈಯಲ್ಲಿ ತಮ್ಮ ಎಡಗೈಯನ್ನು ಹಿಡಿದೆತ್ತಿ, ಗಡಿಯಾರವನ್ನು ಪುರೋಹಿತರ ಮೂಗಿನ ಬಳಿಗೆ ಒಯ್ದು, “ಶಾಸ್ತ್ರಿಗಳೇ, ಮುಹೂರ್ತ ಮೀರಿಹೋಯಿತಲ್ಲ!” ಎಂದುಬಿಟ್ಟರು. ಪುರೋಹಿತರು ಗಾಬರಿಯಿಂದ ಕೈಯೆತ್ತಿದರು. ಗಟ್ಟಿಮೇಳ ಮೊಳಗಿತು. ನಾನು ಪಟವನ್ನು ಬಿಟ್ಟೆ. ಮಕ್ಕಳು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಟ್ಟರು.

ಬೀಗರು ಸಜ್ಜನರು. ಆ ಮಾತನ್ನು ಅವರು ಅಂದೇ ಮರೆತರು. ಬೀಗಿತ್ತಿಯವರು ಮರೆಯಲಿಲ್ಲ. ಅಳಿಯನಿಗೆ ಬಡ್ತಿ ತಡವಾದಾಗ, ಹೊಸ ಮನೆಯ ಗೋಡೆ ಸೋರಿದಾಗ, ಒಮ್ಮೆ ಹಾಲು ಒಡೆದಾಗಲೂ ಕೂಡ, “ಮುಹೂರ್ತ ಒಂದು ನಿಮಿಷ ಮೀರಿತಲ್ಲ, ಏನು ಮಾಡೋಣ” ಎಂಬ ನಿಟ್ಟುಸಿರು ಫೋನಿನ ಮೂಲಕ ಅಕ್ಕನ ಮನೆಯನ್ನು ತಲುಪುತ್ತಿತ್ತು. ಅಕ್ಕ ಕುದಿದುಹೋಗುತ್ತಿದ್ದಳು. ಆಶ್ಚರ್ಯವೆಂದರೆ ಭಾವನವರು ಒಂದು ಮಾತನ್ನೂ ಆಡುತ್ತಿರಲಿಲ್ಲ. ಎಲೆಯ ತೊಟ್ಟು ಮುರಿಯುತ್ತ, “ಹೋಗಲಿ ಬಿಡೆ” ಎನ್ನುತ್ತಿದ್ದರು. ಸುಮ್ಮನಿದ್ದಾರೆಂದ ಮೇಲೆ ತಪ್ಪು ನಿಜವೇ ಇರಬೇಕೆಂದು ನಾನೂ ನಂಬಿದೆ. 2021ರಲ್ಲಿ ಅವರು ತೀರಿಕೊಂಡರು.

ಅಕ್ಕನ ನಡುಮನೆಯಲ್ಲಿ ಆ ಮದುವೆಯ ಒಂದು ಚಿತ್ರ ತೂಗುಹಾಕಿದೆ. ಹುಡುಗಿಯ ತಲೆಯ ಮೇಲೆ ಜೀರಿಗೆ ಬೆಲ್ಲ, ಪಕ್ಕದಲ್ಲಿ ಅವಳ ಕಿವಿಯ ಕಡೆಗೆ ಬಾಗಿದ ಭಾವನವರು. ಹುಡುಗಿ ತುಟಿ ಕಚ್ಚಿ ನಗುವನ್ನು ತಡೆಯುತ್ತಿದ್ದಾಳೆ. ಆಗ ಅಪ್ಪ ಏನು ಹೇಳಿದರು? ಮಗಳನ್ನು ಕೇಳಿದರೆ, “ಅಂದು ಸಾವಿರ ಜನ ಸಾವಿರ ಮಾತು ಹೇಳಿದರು, ನೆನಪಿಲ್ಲಮ್ಮ” ಎಂದಳು. ನಾನು ಎರಡಡಿ ದೂರದಲ್ಲಿ ಪಟ ಮಡಿಸುತ್ತ ನಿಂತಿದ್ದವನು. ನನಗೆ ಡೋಲು ಮಾತ್ರ ಕೇಳಿಸಿತ್ತು.

2023ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಕ ಸೆರಗಿನೊಳಗೆ ಏನನ್ನೋ ಅಡಗಿಸಿಕೊಂಡು ನಮ್ಮ ಮನೆಗೆ ಬಂದಳು. ಅದು ಮದುವೆಯ ವಿಡಿಯೋದವನು ಕೊಟ್ಟಿದ್ದ ಹಾರ್ಡ್ ಡಿಸ್ಕು. ಅವನು ಮಾಡಿಕೊಟ್ಟ ಚಿತ್ರದಲ್ಲಿ ಸಿನಿಮಾ ಹಾಡುಗಳಿದ್ದವು, ಆಕಾಶದಿಂದ ಉದುರುವ ಗುಲಾಬಿಗಳಿದ್ದವು, ಮನುಷ್ಯರ ಮಾತು ಒಂದೂ ಇರಲಿಲ್ಲ. ಕತ್ತರಿಸದ ಮೂಲ ಚಿತ್ರಗಳೆಲ್ಲ ಈ ಡಿಸ್ಕಿನಲ್ಲಿದ್ದವು.

“ನೀನು ಕಂಪ್ಯೂಟರಿನಲ್ಲಿ ಏನೇನೋ ಮಾಡುತ್ತೀಯಂತಲ್ಲ. ನಿನ್ನ ಭಾವನ ದನಿ ಎಲ್ಲಾದರೂ ಇದೆಯೇ ನೋಡೋ,” ಎಂದಳು.

ನಾನು ಕಂಪ್ಯೂಟರಿನಲ್ಲಿ ಮಾಡುವುದು ಪೆನ್ಷನ್ನಿನ ಲೆಕ್ಕ. ಆದರೂ ಇಲ್ಲವೆನ್ನಲಾಗಲಿಲ್ಲ. ಮಗ ‘ಡಾವಿಂಚಿ ರಿಸಾಲ್ವ್’ ಎಂಬ ಸಂಕಲನದ ತಂತ್ರಾಂಶವನ್ನು, ಹಣ ಕೊಡದೆ ಸಿಗುವ ಆವೃತ್ತಿಯನ್ನು, ಕಂಪ್ಯೂಟರಿಗೆ ಇಳಿಸಿಕೊಟ್ಟು, ಎರಡು ಸಂಜೆ ಪಾಠ ಹೇಳಿ, ಪುಣೆಯ ಗಾಡಿ ಹತ್ತಿದ.

ಸಾಕ್ಷಿಗಳು ನಾಲ್ವರು. ಮೊದಲನೆಯದು ಛತ್ರದ ಹಿಂಬದಿಯಲ್ಲಿ ಮುಕ್ಕಾಲಿಯ ಮೇಲೆ ನಿಂತ ಕ್ಯಾಮೆರ. ಅದಕ್ಕೆ ಇಡೀ ಮಂಟಪ ಕಾಣುತ್ತದೆ, ಮುಖಗಳು ಕಾಣುವುದಿಲ್ಲ. ಎರಡನೆಯದು ಸಹಾಯಕನ ಕೈಯಲ್ಲಿದ್ದ ಕ್ಯಾಮೆರ. ಭಾವನವರ ತುಟಿ, ಹುಡುಗಿಯ ನಗು ಎಲ್ಲವೂ ಅದರಲ್ಲಿದೆ. ದನಿ ಮಾತ್ರ ಇಲ್ಲ. ಅದಕ್ಕೆ ಸಿಕ್ಕಿಸಿದ್ದ ಮೈಕಿನ ಗುಂಡಿಯನ್ನು ಯಾರೂ ಒತ್ತಿರಲಿಲ್ಲವಂತೆ. ಮೂರನೆಯದು ನನ್ನ ಮಗನ ಫೋನು. ನಾಲ್ಕನೆಯದು ಭಾವನವರದೇ ಒಂದು ಪುಟ್ಟ ಧ್ವನಿಮುದ್ರಕ. ಹರಿಕಥೆಗಳನ್ನು ಹಿಡಿದಿಡಲು ಕೊಂಡದ್ದನ್ನು ಅಂದು ಮಂತ್ರ ಕೇಳಿಸಲೆಂದು ಅಕ್ಷತೆಯ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದರು. ಅದರಲ್ಲಿ ಎರಡು ಗಟ್ಟಿಮೇಳಗಳ ನಡುವೆ ಒಂದು ಗೊಣಗು ಇತ್ತು. ಯಾರದೆಂದು ತಿಳಿಯದು, ಏನೆಂದು ತಿಳಿಯದು. ಒಂದು ಕಡೆ ದನಿಯಿಲ್ಲದ ತುಟಿ, ಇನ್ನೊಂದು ಕಡೆ ತುಟಿಯಿಲ್ಲದ ದನಿ. ಎರಡನ್ನೂ ಒಂದೇ ಕ್ಷಣದ ಮೇಲೆ ಕೂರಿಸಬೇಕು.

ಪ್ರತಿಯೊಂದು ಯಂತ್ರದೊಳಗೂ ಗಡಿಯಾರವಿರುವಾಗ ಇದೇನು ಮಹಾ ಕಷ್ಟ ಎಂದು ನಾನು ಮೊದಲು ತಿಳಿದೆ. ನೋಡಿದರೆ ಮೊದಲನೆಯ ಕ್ಯಾಮೆರದ ಗಡಿಯಾರ 12 ನಿಮಿಷ ಹಿಂದಿತ್ತು. ಎರಡನೆಯದರ ಪ್ರಕಾರ ಈ ಮದುವೆ ನಡೆದದ್ದು 2008ರ ಜನವರಿ 1ರಂದು, ನಡುರಾತ್ರಿ ಕಳೆದ ಮೇಲೆ! ಕೊಂಡಂದಿನಿಂದ ಅದಕ್ಕೆ ಯಾರೂ ವೇಳೆ ಕೊಟ್ಟಿರಲಿಲ್ಲ. ಧ್ವನಿಮುದ್ರಕಕ್ಕೆ ಮಾತ್ರ ಭಾವನವರ ಕೈ ತಗುಲಿತ್ತಾದರೂ ಬ್ಯಾಟರಿ ತೀರಿದಾಗ ಅದೂ ಎಲ್ಲವನ್ನೂ ಮರೆತಿತ್ತು. ಫೋನೊಂದೇ ಗೋಪುರದಿಂದ ಸಮಯ ಕೇಳಿ ತಿಳಿದು ಸರಿಯಾಗಿ ನಡೆದಿತ್ತು.

ದೊಡ್ಡ ಸ್ಟುಡಿಯೋಗಳಲ್ಲಿ ಈ ಪಾಡಿಲ್ಲ. ಅಲ್ಲಿ ಎಲ್ಲ ಕ್ಯಾಮೆರಗಳಿಗೂ ಒಂದೇ ಯಜಮಾನ ಗಡಿಯಾರವಿರುತ್ತದೆ. ಪ್ರತಿಯೊಂದು ಫ್ರೇಮಿನ ಮೇಲೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮಿನ ಸಂಖ್ಯೆ ಅಚ್ಚಾಗುತ್ತ ಹೋಗುತ್ತದೆ. ಅದಕ್ಕೂ ಹಿಂದಿನ ಉಪಾಯವನ್ನು ಸಿನಿಮಾ ಚಿತ್ರೀಕರಣ ನೋಡಿದವರೆಲ್ಲ ಬಲ್ಲರು. ಕನ್ನಡ ಚಿತ್ರಕ್ಕೆ 1934ರಲ್ಲಿ ‘ಸತಿ ಸುಲೋಚನ’ದ ಮೂಲಕ ಮಾತು ಬಂದಿತಷ್ಟೆ. ಮಾತು ಬಂದ ಕಡೆಯಲ್ಲೆಲ್ಲ ತುಟಿಯನ್ನೂ ದನಿಯನ್ನೂ ಜೊತೆಗೂಡಿಸುವ ಚಿಂತೆಯೂ ಬಂದಿತು. ಚಿತ್ರ ಹಿಡಿಯುವ ಯಂತ್ರ ಒಂದು, ದನಿ ಹಿಡಿಯುವುದು ಇನ್ನೊಂದು. ಆದ್ದರಿಂದ ದೃಶ್ಯದ ಆರಂಭದಲ್ಲಿ ಒಬ್ಬ ಹುಡುಗ ಹಲಗೆ ಹಿಡಿದು ಬಂದು ‘ಕ್ಲ್ಯಾಪ್’ ಹೊಡೆಯುತ್ತಾನೆ. ಹಲಗೆಯ ಎರಡು ಪಟ್ಟಿಗಳು ಕೂಡಿದ ಫ್ರೇಮನ್ನೂ ‘ಟಪ್’ ಎಂದ ಸದ್ದನ್ನೂ ಒಂದರ ಮೇಲೊಂದಿಟ್ಟರೆ ಮುಂದಿನದೆಲ್ಲ ತಾನಾಗಿ ಕೂಡುತ್ತದೆ. ಅಗ್ಗದ ವಿದ್ಯೆ, ಆದರೆ ಬಹು ಚೆಲುವಾದ ವಿದ್ಯೆ.

ಮದುವೆಯಲ್ಲಿ ಕ್ಲ್ಯಾಪ್ ಹೊಡೆಯುವವರು ಯಾರು? ನಾನೇ ಎಂದು ಹೊಳೆದಾಗ ನನಗೇ ನಗು ಬಂದಿತು. ಅಂತರಪಟ ಬೀಳುವುದು ಎಲ್ಲ ಕ್ಯಾಮೆರಗಳಿಗೂ ಕಾಣುವಂಥದ್ದು, ಗಟ್ಟಿಮೇಳ ಎಲ್ಲ ಮೈಕುಗಳಿಗೂ ಕೇಳುವಂಥದ್ದು. ಪಟ ಬೀಳುವ ಫ್ರೇಮನ್ನು ಹುಡುಕಿದೆ. ಅಲ್ಲೊಂದು ಅವಮಾನ ಕಾದಿತ್ತು. ವರನ ಚಿಕ್ಕಪ್ಪನ ತುದಿ ಕೈಬಿಟ್ಟು 9 ಫ್ರೇಮುಗಳಾದ ಮೇಲೆ ನನ್ನ ತುದಿ ಬಿಡುಗಡೆಯಾಗಿದೆ. ನಮ್ಮ ದೇಶದ ವಿಡಿಯೋ ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ನಡೆಯುತ್ತದೆ. ಎಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೊತ್ತು ನಾನು ಪಟವನ್ನು ಬಿಡಲಾರದೆ ಹಿಡಿದಿದ್ದೆ. ಇಂಥ ಕ್ಲ್ಯಾಪಿನಿಂದ ಅಂದಾಜು ಸಿಗಬಹುದು, ನಿಖರತೆ ಸಿಗದು.

ದನಿಯಿರುವ ಮೂರು ಸಾಕ್ಷಿಗಳನ್ನು ತಂತ್ರಾಂಶವೇ ಹೊಂದಿಸುತ್ತದೆಂದು ಮಗ ಹೇಳಿದ್ದ. ಅದು ಮೂರರ ದನಿಯ ಅಲೆಗಳನ್ನೂ ಗೆರೆಗಳಾಗಿ ಬಿಡಿಸಿ, ಒಂದರ ಏರಿಳಿತ ಇನ್ನೊಂದರ ಏರಿಳಿತಕ್ಕೆ ಕೂಡುವವರೆಗೆ ಸರಿಸಿ ನೋಡುತ್ತದೆ. ನಾವು ಹರಿದ ನೋಟಿನ ಎರಡು ಚೂರುಗಳನ್ನು ಕೂಡಿಸಿದಂತೆ. ಮೊದಲನೆಯ ಕ್ಯಾಮೆರ, ಧ್ವನಿಮುದ್ರಕ ಎರಡೂ ಸಲೀಸಾಗಿ ಕೂಡಿದವು. ಫೋನು ಕೂಡಲಿಲ್ಲ. ಡೋಲಿನವನು ಒಂದೇ ಪೆಟ್ಟನ್ನು ಆವರ್ತ ಆವರ್ತವಾಗಿ ಬಾರಿಸುತ್ತಿದ್ದುದರಿಂದ ಯಂತ್ರ ಮೋಸಹೋಗಿ, ಒಂದು ಆವರ್ತ ಹಿಂದಕ್ಕೆ ಕೂರಿಸಿತ್ತು. ನೋಡಿದರೆ ಪುರೋಹಿತರು ಕೈಯೆತ್ತುವ ಮುನ್ನವೇ ಮೇಳ ಮೊಳಗುತ್ತಿದೆ! ಅದೃಷ್ಟಕ್ಕೆ ಊಟದ ಮನೆಯಲ್ಲಿ ಯಾರೋ ಪುಣ್ಯಾತ್ಮರು ಅದೇ ಹೊತ್ತಿಗೆ ಒಂದು ಸ್ಟೀಲಿನ ತಟ್ಟೆಯನ್ನು ಕೆಡವಿದ್ದರು. ಆ ‘ಠಣ್’ ಎಂಬ ಸದ್ದು ಇಡೀ ಮದುವೆಯಲ್ಲಿ ಒಂದೇ ಬಾರಿ ಆದದ್ದು. ಮೂರು ಗೆರೆಗಳಲ್ಲೂ ಅದು ತಾಳೆಮರದಂತೆ ನೆಟ್ಟಗೆ ನಿಂತಿತ್ತು. ಫೋನನ್ನು ಕೈಯಿಂದಲೇ ಎಳೆದು ಅದಕ್ಕೆ ಕಟ್ಟಿದೆ. ಅಂದು ಆ ತಟ್ಟೆ ಬಿದ್ದಾಗ “ಯಾರದು ಅಪಶಕುನ” ಎಂದು ಗದರಿದವನೂ ನಾನೇ.

ಇಲ್ಲೊಂದು ಸ್ವಾರಸ್ಯವನ್ನು ಹೇಳದಿರಲಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ. ಒಂದು ಫ್ರೇಮಿನ ಅವಧಿಯಲ್ಲಿ ಸುಮಾರು 14 ಮೀಟರು. ಛತ್ರದ ಹಿಂಬದಿಯಲ್ಲಿದ್ದ ಕ್ಯಾಮೆರಕ್ಕೆ ಮಂಟಪದ ದನಿ ಒಂದು ಫ್ರೇಮು ತಡವಾಗಿಯೇ ಸೇರುತ್ತದೆ. ಬೆಳಕಿಗೆ ಆ ತೊಡಕಿಲ್ಲ. ಹಾಗಾದರೆ ಮುಂದಿನ ಸಾಲಿನವರಿಗೂ ಹಿಂದಿನ ಸಾಲಿನವರಿಗೂ ಗಟ್ಟಿಮೇಳ ಒಂದೇ ಕ್ಷಣದಲ್ಲಿ ಆಗುವುದಿಲ್ಲ. ನಮ್ಮ ಕಿವಿಗಳಿಗೆ ಈ ತಡ ಅನಾದಿಕಾಲದಿಂದ ಅಭ್ಯಾಸವಾಗಿದೆ. ಆದ್ದರಿಂದಲೇ ದನಿ ತುಟಿಗಿಂತ ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ನಾವು ಗುರುತಿಸುವುದಿಲ್ಲ. ಮುಂದೆ ಬಂದರೆ 45 ಮಿಲಿಸೆಕೆಂಡಿಗೇ ಏನೋ ತಪ್ಪಿದೆಯೆಂದು ತಿಳಿದುಬಿಡುತ್ತದೆ. ತಡವಾದವರನ್ನು ಕ್ಷಮಿಸುವ ಕಿವಿ, ಮುಂದಾಗಿ ಬಂದವರನ್ನು ಕ್ಷಮಿಸದು. ಬೀಗಿತ್ತಿಯವರಿಗೆ ಈ ಕಿವಿ ಇರಲಿಲ್ಲ, ಇರಲಿ.

ಉಳಿದದ್ದು ಮೂಕ ಕ್ಯಾಮೆರ. ದನಿಯಿಲ್ಲದ್ದನ್ನು ದನಿಯ ಗೆರೆಯಿಂದ ಹೊಂದಿಸುವುದು ಹೇಗೆ? ಮೂರು ದಿನ ನಾನು ಪಟ ಬೀಳುವುದನ್ನೇ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಕುಳಿತೆ. ನನ್ನಾಕೆ ಬಂದು, “ಆ ಮಗುವಿಗೆ ಎಷ್ಟು ಸಲ ಮದುವೆ ಮಾಡುತ್ತೀರಿ?” ಎಂದು ಕೇಳಿ ಹೋದಳು. ನಾಲ್ಕನೆಯ ದಿನ ಕಣ್ಣಿಗೆ ಬಿದ್ದದ್ದು ಫೋಟೋದವನ ಮಿಂಚು. ಫೋಟೋ ತೆಗೆಯುವವನ ದೀಪ ಹೊಳೆದಾಗಲೆಲ್ಲ ವಿಡಿಯೋದಲ್ಲಿ ಒಂದೇ ಒಂದು ಫ್ರೇಮು ಬೆಳ್ಳಗಾಗುತ್ತದೆ. ಕೆಲವೊಮ್ಮೆ ಫ್ರೇಮಿನ ಅರ್ಧಭಾಗ ಮಾತ್ರ ಬೆಳ್ಳಗಾಗಿ ಉಳಿದರ್ಧ ಮುಂದಿನ ಫ್ರೇಮಿಗೆ ಹೋಗುವುದೂ ಉಂಟು, ಏಕೆಂದರೆ ಈ ಕ್ಯಾಮೆರಗಳು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. ಅಂದು ವಿಡಿಯೋದವನು ಅವನನ್ನು ಎಷ್ಟು ಬೈದಿದ್ದನೋ! ನನಗಾದರೋ ಅವನು ಹೊಡೆದ ಪ್ರತಿಯೊಂದು ಮಿಂಚೂ ಒಂದೊಂದು ಕ್ಲ್ಯಾಪ್. ಮೊದಲ ಮಿಂಚಿನಿಂದ ಎರಡನೆಯದಕ್ಕೆ 3 ಸೆಕೆಂಡು 4 ಫ್ರೇಮು, ಅಲ್ಲಿಂದ ಮೂರನೆಯದಕ್ಕೆ 11 ಸೆಕೆಂಡು 20 ಫ್ರೇಮು, ಹೀಗೆ ಕಾಗದದ ಮೇಲೆ ಬರೆದುಕೊಂಡೆ. ಮೊದಲನೆಯ ಕ್ಯಾಮೆರದಲ್ಲೂ ಇದೇ ಅಂತರಗಳ ಸಾಲನ್ನು ಹುಡುಕಿದೆ. ರಾತ್ರಿ ಹನ್ನೊಂದಕ್ಕೆ ಸಿಕ್ಕಿತು. ಎಳೆದು ಕೂರಿಸಿದೆ. ಎರಡೂ ಚಿತ್ರಗಳಲ್ಲಿ ಏಕಕಾಲಕ್ಕೆ ಮಿಂಚು ಹೊಳೆಯಿತು, ಏಕಕಾಲಕ್ಕೆ ಪಟ ಜಾರಿತು, ಏಕಕಾಲಕ್ಕೆ ನಾನು ತಡಮಾಡಿದೆ.

ಆದರೂ ಗೊಣಗು ತುಟಿಗೆ ಕೂಡಲಿಲ್ಲ. ಇದರ ಕಾರಣ ತಿಳಿಯಲು ಮಗನಿಗೆ ಫೋನು ಮಾಡಬೇಕಾಯಿತು. ಗಡಿಯಾರಗಳನ್ನು ಒಮ್ಮೆ ಹೊಂದಿಸಿದರೆ ಸಾಲದಂತೆ. ಕೈಗಡಿಯಾರದೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕ್ಯಾಮೆರ, ಧ್ವನಿಮುದ್ರಕಗಳ ಒಳಗೂ ಇಂಥದೇ ಸ್ಫಟಿಕಗಳಿವೆ. ಯಾವ ಎರಡು ಸ್ಫಟಿಕಗಳೂ ಕೂದಲೆಳೆಯಷ್ಟೂ ಭೇದವಿಲ್ಲದೆ ಕಂಪಿಸುವುದಿಲ್ಲ. ಬೆಳಗಿನಿಂದ ಓಡುತ್ತಿದ್ದ ಧ್ವನಿಮುದ್ರಕ ಗಂಟೆಗೆ ಮೂರು ಫ್ರೇಮುಗಳಂತೆ ಹಿಂದೆ ಸರಿಯುತ್ತ ಬಂದಿತ್ತು. ಫೋನಿನದು ಇನ್ನೂ ಕೆಟ್ಟ ಚಾಳಿ, ಬೆಳಕು ಕಡಿಮೆಯಾದರೆ ಸೆಕೆಂಡಿಗೆ ಇಷ್ಟು ಫ್ರೇಮೆಂಬ ಲೆಕ್ಕವನ್ನೇ ಬದಲಿಸುತ್ತದೆ. ಆದ್ದರಿಂದ ಉದ್ದನೆಯ ಮುದ್ರಣವನ್ನು ತುಂಡರಿಸಿ, ನಮಗೆ ಬೇಕಾದ ಗಳಿಗೆಯ ಪಕ್ಕದಲ್ಲೇ ಮತ್ತೆ ಗಂಟುಹಾಕಬೇಕು. ಗಾಡಿ ಹೊರಡುವ ಮುನ್ನ ಪ್ರತಿಬಾರಿಯೂ ಗಡಿಯಾರ ಹೊಂದಿಸಿಕೊಳ್ಳಬೇಕೆಂಬ ರೈಲ್ವೆಯ ನಿಯಮದ ಅರ್ಥ ನನಗೆ ತಿಳಿದದ್ದು ಆ ರಾತ್ರಿ.

ತಟ್ಟೆಯ ಸದ್ದಿನ ಬಳಿ ಧ್ವನಿಮುದ್ರಕವನ್ನು ಕತ್ತರಿಸಿ ಮತ್ತೆ ಕಟ್ಟಿ, ಗುಂಡಿ ಒತ್ತಿದೆ. ಭಾವನವರು ಬಾಗಿದರು. ಗೊಣಗು ಅವರ ತುಟಿಗೆ ಹೋಗಿ ಕುಳಿತಿತು.

ತುಟಿ ಕಂಡರೆ ಕಿವಿಗೆ ಬಲ ಬರುತ್ತದೆ. ಗದ್ದಲದಲ್ಲಿ ಮಾತಾಡುವವರ ಮುಖ ನೋಡುವುದು ಅದಕ್ಕೇ. ಮೊದಲು ಕೇಳಿಸಿದ್ದು “ನಿಮಿಷ” ಎಂಬ ಒಂದು ಪದ. ನಾಲ್ಕನೆಯ ಬಾರಿಗೆ ಪೂರ್ತಿ ಕೇಳಿಸಿತು.

“ನಿಮ್ಮ ಮಾವನವರ ಗಡಿಯಾರ ನಾಲ್ಕು ನಿಮಿಷ ಮುಂದಿದೆ ಕಣಮ್ಮ. ನೀನೇನೂ ಹೇಳಲಿಕ್ಕೆ ಹೋಗಬೇಡ.”

ಬೆಳಗಾಗುವವರೆಗೆ ನಾನು ಕಾದೆ. ಅಕ್ಕ ಬಂದಳು, ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು, ಕೇಳಿದಳು. ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಏಳೆಂಟು ಬಾರಿಯಾದ ಮೇಲೆ ಮೂಗು ಒರೆಸಿಕೊಂಡು, “ಹಾಗಾದರೆ ಎಲ್ಲ ತಿಳಿದಿದ್ದೂ ಸುಮ್ಮನಿದ್ದರು,” ಎಂದಳು. ಸ್ವಲ್ಪ ಹೊತ್ತು ಮಳೆಯನ್ನು ನೋಡುತ್ತ ಕುಳಿತಿದ್ದು, ಇದ್ದಕ್ಕಿದ್ದಂತೆ, “ನಿಜವಾಗಿಯೂ ನಾಲ್ಕು ನಿಮಿಷ ಮುಂದಿತ್ತೇ? ಅದೂ ಗೊತ್ತಾಗುತ್ತದೆಯೇ?” ಎಂದು ಕೇಳಿದಳು. ಗಾರ್ಡಿನ ಹೆಂಡತಿ!

ನಾಲ್ಕು ಸಾಕ್ಷಿಗಳೂ ಒಂದೇ ಸಾಲಿನಲ್ಲಿ ನಿಂತಿದ್ದರಿಂದ ಈಗ ಅದು ಸುಲಭವಾಗಿತ್ತು. ಫೋನಿನ ಫೈಲಿನ ಹೆಸರಿನಲ್ಲೇ ಆರಂಭದ ವೇಳೆ ಬರೆದಿತ್ತು: 10 ಗಂಟೆ 31 ನಿಮಿಷ 8 ಸೆಕೆಂಡು. ಅಲ್ಲಿಂದ ಸರಿಯಾಗಿ 8 ನಿಮಿಷಕ್ಕೆ ಬೀಗರು ಕೈ ಎತ್ತುತ್ತಾರೆ. ಎಂದರೆ 10 ಗಂಟೆ 39 ನಿಮಿಷ 8 ಸೆಕೆಂಡು. ಮೂಕ ಕ್ಯಾಮೆರದಲ್ಲಿ ಅದೇ ಫ್ರೇಮನ್ನು ನಿಲ್ಲಿಸಿ ದೊಡ್ಡದು ಮಾಡಿದೆ. ಬೀಗರ ಬಂಗಾರದ ಬಣ್ಣದ ಗಡಿಯಾರ ಪರದೆಯನ್ನು ತುಂಬಿತು. ನಿಮಿಷದ ಮುಳ್ಳು 43ರ ಗೆರೆಯ ಮೇಲಿತ್ತು. ನಾನು ಪಟ ಬಿಟ್ಟದ್ದು ಅದಾದ 22 ಸೆಕೆಂಡಿಗೆ. ನನ್ನ 9 ಫ್ರೇಮುಗಳ ತಡವನ್ನು ಸೇರಿಸಿಕೊಂಡರೂ ಲಗ್ನ ಕಳೆಯಲು ಎರಡೂವರೆ ನಿಮಿಷ ಇನ್ನೂ ಮಿಕ್ಕಿತ್ತು. ಬಸ್ಸು ತಪ್ಪದಿರಲೆಂದು ಗಡಿಯಾರವನ್ನು ಮುಂದಿಟ್ಟುಕೊಳ್ಳುವವರು ನಮ್ಮ ನೆಂಟರಲ್ಲೂ ಎಷ್ಟೋ ಜನರಿದ್ದಾರೆ. ಬೀಗರೂ ಆ ಪಂಗಡದವರಿರಬೇಕು.

“ಈ ಚಿತ್ರವನ್ನು ಫೋನಿನಲ್ಲಿ ಬೀಗಿತ್ತಿಯವರಿಗೆ ಕಳುಹಿಸಲೇ, ಅಕ್ಕ? ಒಂದು ಗುಂಡಿ ಒತ್ತಿದರೆ ಆಯಿತು,” ಎಂದೆ. ನನ್ನ ಕೈ ಆಗಲೇ ಗುಂಡಿಯ ಮೇಲಿತ್ತು.

ಅಕ್ಕ ಪರದೆಯ ಮೇಲಿದ್ದ ಗಡಿಯಾರವನ್ನು ಬಹಳ ಹೊತ್ತು ನೋಡಿದಳು.

“ಹೇಳಬೇಡ ಎಂದಿದ್ದಾರಲ್ಲೋ,” ಎಂದಳು. “ಅದನ್ನು ತೆಗೆ. ಅವರು ಬಾಗುತ್ತಾರಲ್ಲ, ಆ ಕಡೆ ಹಾಕು.”